ಸತ್ತವರ ಹೆಸರು ಹೇಳಿದೆವು

ಹೆಣ ಹೂಳುವುದು ಸುಲಭ. ಹೂತದ್ದನ್ನು ತೆಗೆಯುವುದು ಕಷ್ಟ. ಹೂಳುವಾಗ ಪಕ್ಕದಲ್ಲಿ ಯಾರಾದರೂ ಅಳುತ್ತಿರುತ್ತಾರೆ, ಕೆಲಸ ಬೇಗ ಮುಗಿಯುತ್ತದೆ. ತೆಗೆಯುವಾಗ ಯಾರೂ ಅಳುವುದಿಲ್ಲ. ಮೂಗು ಮುಚ್ಚಿಕೊಂಡು ನಿಂತು ನೋಡುತ್ತಾರೆ. ಒಂಬತ್ತು ದಿನದಲ್ಲಿ ನಾನು ಹತ್ತು ಜನರನ್ನು ತೆಗೆದೆ. ಈ ಕೈಗಳಿಂದಲೇ ತೆಗೆದೆ.

ನನ್ನ ಹೆಸರು ಮೆಂಗಾರ್ದಾ. ಪೆಯ್ರಕ್ಲಾರಾ ಊರಿನ ಗುಂಡಿ ತೋಡುವವಳು. ನಮ್ಮ ಜನಕ್ಕೆ ಕ್ರೆಸ್ತಿಯಾ ಎನ್ನುತ್ತಾರೆ. ಊರಾಚೆ, ಹಳ್ಳದ ಆ ಕಡೆ ನಮ್ಮ ಮೂರು ಮನೆ. ಮರಗೆಲಸ, ಹೆಣದ ಕೆಲಸ, ಇವೆರಡು ಬಿಟ್ಟು ಬೇರೇನೂ ಮಾಡುವಂತಿಲ್ಲ. ಊರ ಬಾವಿ ಮುಟ್ಟುವಂತಿಲ್ಲ. ಬರಿಗಾಲಲ್ಲಿ ಊರ ನೆಲ ತುಳಿಯುವಂತಿಲ್ಲ. ನಮ್ಮ ಅಂಗಾಲಿನ ಬೆವರು ತಾಗಿದರೆ ಹುಲ್ಲು ಸುಟ್ಟುಹೋಗುತ್ತದಂತೆ, ಅದಕ್ಕೆ ಬೇಸಗೆಯಲ್ಲೂ ಮರದ ಪಾದುಕೆ ಹಾಕಿಕೊಂಡೇ ನಡೆಯಬೇಕು. ಇಗರ್ಜಿಗೆ ನಮಗೆ ಬಡಗಣ ಗೋಡೆಯಲ್ಲಿ ಬೇರೆ ಬಾಗಿಲು. ಅದು ಎಷ್ಟು ಗಿಡ್ಡವೆಂದರೆ ಸೊಂಟ ಬಗ್ಗಿಸದೆ ಒಳಗೆ ಹೋಗಲಾಗದು. ಪಾದ್ರಿ ನಮಗೆ ದೇವರ ರೊಟ್ಟಿಯನ್ನು ಕೋಲಿನ ತುದಿಗೆ ಸಿಕ್ಕಿಸಿ ಚಾಚುತ್ತಾನೆ. ಎದೆಯ ಮೇಲೆ ಹೆಬ್ಬಾತಿನ ಪಾದದ ಆಕಾರದಲ್ಲಿ ಕೆಂಪು ಬಟ್ಟೆ ಹೊಲಿದುಕೊಳ್ಳಬೇಕು, ದೂರದಿಂದಲೇ ಕಂಡು ಜನ ಪಕ್ಕಕ್ಕೆ ಸರಿಯಲಿ ಎಂದು.

ಯಾಕೆ ಹೀಗೆ ಎಂದು ಚಿಕ್ಕವಳಿದ್ದಾಗ ನಮ್ಮಪ್ಪನನ್ನು ಕೇಳಿದ್ದೆ.

"ಯಾಕೆ ಅಂತ ಕೇಳಾಕೂ ಅವರ ಅಪ್ಪಣೆ ಬೇಕು ಕಣವ್ವ" ಎಂದಿದ್ದ.

ಆದರೆ ಊರಿಗೆ ಗೊತ್ತಿಲ್ಲದ ಒಂದು ಸಂಗತಿ ನಮಗೆ ಗೊತ್ತಿತ್ತು. ಬಡವರ ಗುಂಡಿಯ ಮೇಲೆ ಕಲ್ಲು ನಿಲ್ಲಿಸುವುದಿಲ್ಲ. ಎರಡು ಚಳಿಗಾಲ ಕಳೆದರೆ ಹುಲ್ಲು ಬೆಳೆದು ನೆಲವೆಲ್ಲ ಒಂದೇ ಆಗುತ್ತದೆ. ಯಾರು ಎಲ್ಲಿ ಮಲಗಿದ್ದಾರೆ ಎಂಬುದು ನಮ್ಮ ಕಾಲಿಗೆ ಮಾತ್ರ ಗೊತ್ತು. ನಮ್ಮ ಗಿಡ್ಡ ಬಾಗಿಲಿನಿಂದ ಆಕ್ರೋಟು ಮರಕ್ಕೆ ಎಷ್ಟು ಹೆಜ್ಜೆ, ಅಲ್ಲಿಂದ ಗೋಡೆಯ ಕಡೆಗೆ ಎಷ್ಟು, ಆಮೇಲೆ ಎಡಕ್ಕೋ ಬಲಕ್ಕೋ. ಅಪ್ಪ ನನ್ನ ಕೈಹಿಡಿದು ನಡೆಸಿ ನಡೆಸಿ ಕಲಿಸಿದ. ಸತ್ತವರ ಹಬ್ಬದ ದಿನ ಊರ ಜನ ಮೇಣದ ಬತ್ತಿ ಹಿಡಿದು ದೂರದಲ್ಲಿ ನಿಂತು ಕೇಳುತ್ತಿದ್ದರು: "ಏ ಮೆಂಗಾರ್ದಾ, ನಮ್ಮಪ್ಪ ಎಲ್ಲವ್ನೆ?" ನಾನು ಕೋಲಿನಿಂದ ತೋರಿಸುತ್ತಿದ್ದೆ. ವರ್ಷದಲ್ಲಿ ಅವರು ನನ್ನ ಹೆಸರು ಹಿಡಿದು ಕರೆಯುತ್ತಿದ್ದದ್ದು ಅದೊಂದೇ ದಿನ.

ದ್ರಾಕ್ಷಿ ಕೊಯ್ಲು ಮುಗಿದ ವಾರ ಫ್ರಾ ಬೆರೆಂಗ್ಯೇರ್ ಎಂಬ ಸನ್ಯಾಸಿ ಬಂದ. ಬಿಳಿ ನಿಲುವಂಗಿ, ಮೇಲೆ ಕಪ್ಪು ಹೊದಿಕೆ. ಹಿಂದೆ ಒಬ್ಬ ಬರಹಗಾರ, ಇಬ್ಬರು ಕಾವಲಿನವರು. ಕೈಯಲ್ಲಿ ಸೀಸದ ಮುದ್ರೆ ತೂಗುವ ಪೋಪನ ಕಾಗದ.

ಆ ಪೋಪ್ ಎಂಬತ್ತು ದಾಟಿದ ಮುದುಕನಂತೆ. ನಾನು ಅವನನ್ನು ನೋಡಿಲ್ಲ. ಅವನು ನಮ್ಮೂರಿನ ಹೆಸರು ಕೇಳಿರಲಾರ. ಮೊದಲು ಪಾಷಂಡಿಗಳನ್ನು ಹುಡುಕುವುದು ಬಿಷಪ್ಪನ ಕೆಲಸವಾಗಿತ್ತು. ಬಿಷಪ್ಪ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ, ಹೆಬ್ಬಾತಿನ ಮಾಂಸ ತಿನ್ನುತ್ತಿದ್ದ, ಎಲ್ಲರೂ ನೆಟ್ಟಗಿದ್ದೀರಲ್ಲ ಎಂದು ಕೇಳಿ ಹೋಗುತ್ತಿದ್ದ. ಅದು ಸಾಲದು ಎಂದು ರೋಮಿನ ಮುದುಕನಿಗೆ ಅನಿಸಿತು. ಹುಡುಕುವುದನ್ನೇ ಕಸುಬು ಮಾಡಿಕೊಂಡ ಫ್ರಾಗಳನ್ನು ಕಳಿಸಿದ. ಅವರು ಪೋಪನಿಗೆ ಬಿಟ್ಟು ಇನ್ನಾರಿಗೂ ಉತ್ತರ ಹೇಳಬೇಕಿಲ್ಲ. ವಿಚಾರಣೆ ಎಂದು ಅದಕ್ಕೆ ಹೆಸರು. ಅವನು ಗರಿಯಲ್ಲಿ ಬರೆದದ್ದನ್ನು ಗುದ್ದಲಿಯಲ್ಲಿ ಮಾಡಬೇಕಾದವಳು ನಾನು.

ಫ್ರಾ ಇಗರ್ಜಿಯಲ್ಲಿ ಸಾರಿದ. ಒಂದು ವಾರ ಗಡುವು. ತಾನಾಗಿ ಬಂದು ಎಲ್ಲ ಹೇಳಿದವನನ್ನು ಸುಡುವುದಿಲ್ಲ, ಸೆರೆಗೆ ಹಾಕುವುದಿಲ್ಲ. ಎಲ್ಲ ಹೇಳುವುದೆಂದರೆ ಹೆಸರು ಹೇಳುವುದು. ಒಂದಾದರೂ ಹೆಸರು ಕೊಡದವನು ಬಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ.

ಹೆಸರು ಯಾರ ಬಳಿ ಇರಲಿಲ್ಲ? ಒಳ್ಳೆಯವರು ಎಂದು ನಾವು ಕರೆಯುತ್ತಿದ್ದವರು ನಮ್ಮ ಸೀಮೆಯಲ್ಲೆಲ್ಲ ಇದ್ದರು. ಕಪ್ಪು ಬಟ್ಟೆ ತೊಟ್ಟು ಜೋಡಿಯಾಗಿ ನಡೆದು ಬರುತ್ತಿದ್ದರು. ಮಾಂಸ ಮುಟ್ಟುತ್ತಿರಲಿಲ್ಲ, ಸುಳ್ಳು ಹೇಳುತ್ತಿರಲಿಲ್ಲ, ಪೋಪನನ್ನು ಒಪ್ಪುತ್ತಿರಲಿಲ್ಲ. ಸಾಯುವವರ ತಲೆಯ ಮೇಲೆ ಪುಸ್ತಕವಿಟ್ಟು ಪ್ರಾರ್ಥಿಸುತ್ತಿದ್ದರು. ಅವರಿಗೊಂದು ರೊಟ್ಟಿ ಕೊಡದ, ಒಮ್ಮೆ ತಲೆ ಬಾಗದ ಮನೆ ಊರಲ್ಲಿ ಇರಲಿಲ್ಲ. ಪೋಪನ ಕಣ್ಣಿಗೆ ಅದೇ ಪಾಷಂಡ.

ಮೂರನೆಯ ದಿನ ಊರ ಯಜಮಾನ ಅಸ್ತೋರ್ಗ್ ಹಳ್ಳದ ತನಕ ಬಂದ. ಜೊತೆಗೆ ಊರ ಒಲೆಯಲ್ಲಿ ರೊಟ್ಟಿ ಸುಡುವ ಲೊಂಬಾರ್ದಾ.

"ಏ ಮೆಂಗಾರ್ದಾ, ಬಾ ಇಲ್ಲಿ. ಆಂ, ಅಲ್ಲೇ ನಿಂತ್ಕೊ, ಅಲ್ಲೇ."

"ಬಾ ಅಂತೀರೋ, ನಿಂತ್ಕೊ ಅಂತೀರೋ, ಒಂದ್ ಹೇಳಿ ಯಜಮಾನ್ರೇ."

"ಬಾಯ್ ನೋಡು ಇವಳ್ದು" ಎಂದಳು ಲೊಂಬಾರ್ದಾ. "ಗುಂಡಿ ತೋಡೋಳಿಗೆ ಬಾಯೂ ಗುಂಡಿನೇ."

"ಸುಮ್ಕಿರಮ್ಮಿ" ಎಂದು ಅಸ್ತೋರ್ಗ್ ಅವಳನ್ನು ಗದರಿದ. "ನೋಡವ್ವ, ಊರೆಲ್ಲ ಒಂದ್ ಮಾತಿಗೆ ಬಂದೀವಿ. ಬದುಕಿರೋರ ಹೆಸ್ರು ಯಾರೂ ಎತ್ತಂಗಿಲ್ಲ. ಎಲ್ರೂ ಸತ್ತೋರ ಹೆಸ್ರು ಹೇಳೋದು. ಸತ್ತೋರಿಗೆ ಏನ್ ಮಾಡಾರು? ಸತ್ತ ಕುರಿ ತೋಳಕ್ಕೆ ಹೆದ್ರೀತಾ?"

"ನಮ್ಮಪ್ಪನ ಹೆಸ್ರು ನಾನೇ ಹೇಳ್ ಬಂದೆ" ಎಂದಳು ಲೊಂಬಾರ್ದಾ. "ಹನ್ನೆರಡು ವರ್ಷ ಆಯ್ತು ಸತ್ತು. ಬದುಕಿದ್ದಾಗ ಒಂದಿನಾನೂ ನನ್ಗೆ ಉಪಕಾರ ಮಾಡ್ದೋನಲ್ಲ, ಈಗ್ಲಾದ್ರೂ ಮಾಡ್ಲಿ."

ಮೂವರೂ ನಕ್ಕೆವು. ನಾನೂ ನಕ್ಕೆ. ಇದನ್ನು ಮುಚ್ಚಿಡುವುದಿಲ್ಲ. ಊರಿನ ಮಾತಿನಲ್ಲಿ ನನ್ನನ್ನೂ ಸೇರಿಸಿಕೊಂಡರಲ್ಲ ಎಂಬ ಖುಷಿ ಬೇರೆ ಇತ್ತು. ಹುಟ್ಟಿದಂದಿನಿಂದ ಯಾರೂ ಹಾಗೆ ಸೇರಿಸಿಕೊಂಡಿರಲಿಲ್ಲ.

ಮರುದಿನ ಪಾದ್ರಿಯ ಕಣಜದ ಬಾಗಿಲಲ್ಲಿ ನಿಂತೆ. ಒಳಗೆ ಬರಲು ಬಿಡಲಿಲ್ಲ. ಫ್ರಾ ಮೇಜಿನ ಹಿಂದೆ ಕೂತಿದ್ದ. ಅವನು ಕೂಗುವವನಲ್ಲ. ಮೆತ್ತಗೆ ಮಾತಾಡುತ್ತಾನೆ.

"ಹೆಣದ ಕೆಲಸ ನಿನ್ನದು. ಸಾಯೋರ ಮನೆ ಬಾಗಿಲಿಗೆ ನೀನು ಹೋಗ್ತೀಯ. ಏನು ನೋಡಿದ್ದೀಯ, ಹೇಳು ಮಗಳೇ."

"ಫಾಬ್ರಿಸಾ ಅಂತ ಇದ್ಲು ಸ್ವಾಮಿ, ಸೂಲಗಿತ್ತಿ. ಮಕ್ಕಳುಮರಿ ಇರ್ಲಿಲ್ಲ. ಜ್ವರದ ವರ್ಷ ಸತ್ತೋದ್ಲು. ಜೀವ ಹೋಗೋ ಮುಂಚೆ ಗುಂಡಿ ಅಳತೆ ತಗೊಳಾಕೆ ಹೋಗಿದ್ದೆ. ಕಪ್ಪು ಬಟ್ಟೆಯೋಳು ಒಬ್ಳು ಅವಳ ತಲೆ ಮ್ಯಾಲೆ ಪುಸ್ತಕ ಇಟ್ಲು."

"ಆ ಸೂಲಗಿತ್ತಿ ಆಗ ಎಚ್ಚರವಾಗಿದ್ದಳಾ?"

"ಇದ್ಲು ಸ್ವಾಮಿ."

ಬರಹಗಾರ ಬರೆದುಕೊಂಡ. ಗರಿ ಕರಕರ ಎಂದಿತು. ಹೋಗು ಎಂದರು. ನಾನು ಹಗುರಾಗಿ ಮನೆಗೆ ಹೋಗಿ ಅವರೆಬೇಳೆ ಬೇಯಿಸಿಕೊಂಡು ಹೊಟ್ಟೆ ತುಂಬ ಉಂಡೆ.

ಫಾಬ್ರಿಸಾ ನನಗೆ ಯಾರು ಎಂದು ಈಗ ಹೇಳಬೇಕು.

ನನಗೆ ನೋವು ಬಂದಾಗ ಹಳ್ಳ ದಾಟಿ ಬಂದವಳು ಅವಳೊಬ್ಬಳೇ. ಕ್ರೆಸ್ತಿಯಾ ಹೆಂಗಸಿನ ಮೈ ಮುಟ್ಟಿದರೆ ಬೇರೆ ಬಾಣಂತಿಯರು ತನ್ನನ್ನು ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಂದಳು. ಎರಡು ದಿನ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನನ್ನ ಬಟ್ಟಲಲ್ಲೇ ನೀರು ಕುಡಿದಳು. ಹೆಣ್ಣು ಹುಟ್ಟಿತು. ಒಂದೇ ಒಂದು ಸಲ ಉಸಿರಾಡಿತು. ಆ ಉಸಿರು ನಿಲ್ಲುವ ಮುಂಚೆ ಫಾಬ್ರಿಸಾ ಅದರ ಹಣೆಗೆ ದೀಕ್ಷೆಯ ನೀರು ಹಾಕಿ ದೇವರ ಹೆಸರು ಹೇಳಿದಳು. ಸೂಲಗಿತ್ತಿ ಹಾಕಿದರೂ ನೀರು ನೀರೇ, ಅದು ಅವರದೇ ಕಟ್ಟಳೆ. ಆದರೂ ಪಾದ್ರಿ ಒಪ್ಪಲಿಲ್ಲ. ಕ್ರೆಸ್ತಿಯಾ ಕೂಸು, ನೀರು ಸರಿಯಾಗಿ ಬಿತ್ತೋ ಇಲ್ಲವೋ ಎಂದ. ಇಗರ್ಜಿಯ ಮಣ್ಣು ಕೊಡಲಿಲ್ಲ. ಹೊಳೆಯ ದಂಡೆಯಲ್ಲಿ ಹೂತೆ. ನರಿ ಕೆದಕದಿರಲಿ ಎಂದು ಮೇಲೆ ಕಲ್ಲು ಪೇರಿಸಿದೆ.

ನಾಲ್ಕು ತಿಂಗಳಿಗೆ ಊರಿಗೆ ಜ್ವರ ಬಂತು. ನನ್ನ ಗಂಡ ಹೋದ, ಅಪ್ಪ ಹೋದ, ಗುಂಡಿ ತೋಡಬಲ್ಲವಳು ನಾನೊಬ್ಬಳೇ ಉಳಿದೆ. ಒಂದೇ ತಿಂಗಳಲ್ಲಿ ಹತ್ತೊಂಬತ್ತು ಗುಂಡಿ. ಹೆಣದ ಹಿಂದೆ ಬರುವವರೇ ಇರಲಿಲ್ಲ, ಎಲ್ಲವನ್ನೂ ನಾನೊಬ್ಬಳೇ ಹೂತೆ. ಫಾಬ್ರಿಸಾ ಮಲಗಿದಾಗ ಹೊಸ್ತಿಲಾಚೆಯಿಂದ ಇಣುಕಿದೆ. ಒಳಗೆ ಬಾ ಎಂದು ಕೈಮಾಡಿ ಕರೆದಳು.

"ಮೈ ಅನ್ನೋದು ಬರೀ ಮಣ್ಣು, ಎಲ್ ಬಿದ್ರೂ ಒಂದೇ ಅಂತಾರೆ ಕಣೆ ಒಳ್ಳೆಯವ್ರು" ಎಂದಳು. "ಇರ್ಬೋದು. ಆದ್ರೂ ಆ ಕೂಸು ಹೊಳೆ ದಂಡೇಲಿ ಒಂದೇ ಐತಲ್ಲ, ನನ್ಗೆ ಮನಸ್ಸು ತಡೀದು. ತಂದು ನನ್ ತೋಳಿಗಿಡು. ನೀರ್ ಹಾಕ್ದೋಳು ನಾನು. ಹೊತ್ಕೊಂಡು ಹೋಗೋಳೂ ನಾನೇ."

ಇಟ್ಟೆ. ಅವಳ ಎಡತೋಳಿನಲ್ಲಿ, ಹೆಣದ ಬಟ್ಟೆಯ ಒಳಗೆ. ಇಬ್ಬರ ಮೇಲೂ ಮಣ್ಣೆಳೆದೆ. ಯಾರಿಗೂ ಹೇಳಲಿಲ್ಲ.

ಅಂಥವಳ ಹೆಸರನ್ನು ನಾನು ಕೊಟ್ಟೆ. ಸತ್ತವಳು, ಕ್ಷೇಮವಾಗಿದ್ದಾಳೆ, ಮಕ್ಕಳಿಲ್ಲ, ಪಾಷಂಡಿಯ ಮನೆ ಎಂದು ಕೆಡವಿದರೂ ಬೀದಿಗೆ ಬೀಳುವವರಿಲ್ಲ ಎಂದು ಜಾಣತನ ಮಾಡಿ ಕೊಟ್ಟೆ.

ಎರಡು ಭಾನುವಾರ ಕಳೆದ ಮೇಲೆ ಫ್ರಾ ಪಟ್ಟಿ ಓದಿಸಿದ. ಹನ್ನೊಂದು ಹೆಸರು, ಎಲ್ಲ ಸತ್ತವರದು. ಪಾಷಂಡಿಗಳ ಮೈ ಪವಿತ್ರ ಮಣ್ಣಿನಲ್ಲಿ ಇರಕೂಡದು. ಅಗೆದು ತೆಗೆಯಬೇಕು. ತಡಿಕೆಯ ಮೇಲೆ ಹಾಕಿ ಊರ ಬೀದಿಯಲ್ಲೆಲ್ಲ ಎಳೆಯಬೇಕು. ಹೊಲದಲ್ಲಿ ಸುಡಬೇಕು. ಹೆಸರು ಕೊಟ್ಟ ಊರಿನವರು ಹಳದಿ ಬಟ್ಟೆಯ ಶಿಲುಬೆಯನ್ನು ಎದೆಗೆ ಹೊಲಿದುಕೊಂಡು ಹಿಂದೆ ನಡೆಯಬೇಕು. ಪಟ್ಟಿಯಲ್ಲಿ ಕೊನೆಯ ಹೆಸರು ಫಾಬ್ರಿಸಾ.

ಇಗರ್ಜಿಯಲ್ಲಿದ್ದವರು ಒಬ್ಬೊಬ್ಬರಾಗಿ ಗಿಡ್ಡ ಬಾಗಿಲಿನ ಕಡೆಗೆ ತಿರುಗಿ ನನ್ನನ್ನು ನೋಡಿದರು.

ಅಗೆದೆ. ಮೊದಲು ಲೊಂಬಾರ್ದಾಳ ಅಪ್ಪ. ಜೇಡಿಮಣ್ಣು, ಮಳೆ ಬಂದು ಹೆಪ್ಪುಗಟ್ಟಿತ್ತು. ಹಾರೆ ಹಾಕಿ ಮೀಟಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಅಂಗೈಯ ಗುಳ್ಳೆ ಒಡೆದು ಗುದ್ದಲಿಯ ಕಾವು ಜಾರುತ್ತಿತ್ತು. ಎಲುಬು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದೊಂದಾಗಿ ತೆಗೆದು ತಡಿಕೆಯ ಮೇಲಿಟ್ಟೆ. ದವಡೆ ಸಿಗಲಿಲ್ಲ. ಹುಡುಕುತ್ತಿದ್ದೆ, ಸಾಕು ನಡೆ ಎಂದು ಕಾವಲಿನವನು ಬೆನ್ನಿಗೆ ಭರ್ಜಿಯ ಕೋಲಿನಿಂದ ತಿವಿದ. ಮುಂದೆ ಕತ್ತೆ, ಹಿಂದೆ ತಡಿಕೆ, ಅದರ ಹಿಂದೆ ಹಳದಿ ಶಿಲುಬೆಯ ಲೊಂಬಾರ್ದಾ. ಹೀಗೆ ಮಾಡಿದವನಿಗೆ ಹೀಗೇ ಆಗುತ್ತದೆ ಎಂದು ಸಾರುವವನು ಬೀದಿಬೀದಿಯಲ್ಲಿ ಕೂಗಿದ.

ಹಳೆಯ ಎಲುಬು ಪರವಾಗಿಲ್ಲ. ಜ್ವರದ ವರ್ಷದವರು ಇನ್ನೂ ಎಲುಬಾಗಿರಲಿಲ್ಲ. ಗುದ್ದಲಿಯಿಂದ ಎತ್ತಲು ಬರುವುದಿಲ್ಲ. ಗುಂಡಿಗಿಳಿದು, ಎರಡೂ ತೋಳು ಕೆಳಗೆ ಹಾಕಿ, ಎದೆಗವಚಿಕೊಂಡು ಎತ್ತಬೇಕು. ಒಬ್ಬಳ ಜಡೆ ಹಾಗೇ ಇತ್ತು. ಆ ಜಡೆ ನನ್ನ ಕುತ್ತಿಗೆಗೆ ಬಿತ್ತು. ಮೇಲೆ ನಿಂತಿದ್ದ ಫ್ರಾ ಲವಂಗದ ಚೀಲವನ್ನು ಮೂಗಿಗೆ ಹಿಡಿದಿದ್ದ.

ಮೂರನೆಯ ದಿನದಿಂದ ಅವರು ಬರತೊಡಗಿದರು.

ನಟ್ಟ ನಡು ಹಗಲಲ್ಲಿ ಬಂದರು. ಊಟಕ್ಕೆ ಕೂತಿದ್ದೆ. ಎದುರಿಗೆ ಲೊಂಬಾರ್ದಾಳ ಅಪ್ಪ ನಿಂತಿದ್ದ. ಮೂಗಿನ ಕೆಳಗೆ ಏನೂ ಇರಲಿಲ್ಲ. ಏನೋ ಕೇಳಬೇಕೆಂದು ಬಂದವನಂತಿದ್ದ, ಕೇಳಲು ದವಡೆ ಇಲ್ಲ. ಜಡೆಯವಳು ನೀರಿನ ಹಳ್ಳದ ಬಳಿ ನಿಂತಳು. ಮತ್ತೊಬ್ಬ ಸೌದೆ ರಾಶಿಯ ಪಕ್ಕ. ಹೆದರಿಸಲಿಲ್ಲ, ಬೈಯಲಿಲ್ಲ. ಮಲಗುವ ಜಾಗ ಕಿತ್ತುಕೊಂಡರೆ ನಿಂತೇ ಇರಬೇಕಲ್ಲ, ಹಾಗೆ ನಿಂತರು. ಒಂಬತ್ತನೆಯ ದಿನ ಸಂಜೆಗೆ ಹತ್ತು ಜನ ಆದರು. ನನ್ನ ಮನೆ ಚಿಕ್ಕದು. ನಾನು ಓಡಾಡುವಾಗ ಅವರ ನಡುವೆ ಪಕ್ಕೆ ತಿರುಗಿಸಿ ನುಸುಳಬೇಕಿತ್ತು.

ಅಂದೇ ಸಂಜೆ ಲೊಂಬಾರ್ದಾ ಹಳ್ಳದ ಬಳಿ ಬಂದು ಕೂತಳು.

"ನಮ್ಮಪ್ಪನ್ನ ಎತ್ತೋವಾಗ ಅವ್ನಿಗೆ ನೋವಾಯ್ತೇನೆ?"

"ಇಲ್ಲ ಕಣವ್ವ. ಮೆತ್ತಗೆ ಎತ್ತಿದೆ."

ಸುಳ್ಳು ಹೇಳಿದೆ. ಅವಳ ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ಅವಳಿಗೆ ಕಾಣಲಿಲ್ಲ.

"ನಾನೇ ಕೊಂದೆ ಅವನ್ನ, ಇನ್ನೊಂದ್ ಸಲ" ಎಂದು ಮೂಗೊರೆಸಿಕೊಂಡಳು. "ನೀನ್ ಫಾಬ್ರಿಸಾನ ತೆಗೀಬ್ಯಾಡ ಕಣೆ. ನನ್ ಮೂರು ಮಕ್ಕಳ್ನ ಅವಳೇ ಎತ್ಕೊಂಡಿದ್ದು. ಕೊಯ್ಲಿಗೆ ಅಂತ ಬಂದು ಜ್ವರದಲ್ಲಿ ಸತ್ಲಲ್ಲ ಒಬ್ಳು ಕೂಲಿಯೋಳು, ಹೆಸ್ರಿಲ್ಲದೋಳು, ಅವಳ ಗುಂಡಿ ತೋರ್ಸು. ಎಲ್ಲಾ ಒಂದೇ ವರ್ಷದ ಹೆಣ. ಫ್ರಾಗೇನು ಗೊತ್ತಾಯ್ತದೆ? ದಿಕ್ಕಿಲ್ಲದೋಳು. ಯಾರ್ ಕೇಳ್ತಾರೆ?"

ಸರಿಯೆನಿಸಿತು. ನನ್ನ ಕೂಸು ಉಳಿಯುತ್ತದೆ, ಫಾಬ್ರಿಸಾ ಉಳಿಯುತ್ತಾಳೆ. ಬೆಳಿಗ್ಗೆ ಎಲ್ಲರೆದುರು ಹೆಜ್ಜೆಯಿಟ್ಟು ಹೋಗಿ ಆ ಕೂಲಿಯವಳ ಗುಂಡಿಯ ಮೇಲೆ ನಿಂತೆ.

"ಇದೇನಾ?" ಎಂದ ಫ್ರಾ.

"ಇದೇ ಸ್ವಾಮಿ."

ಗುದ್ದಲಿ ಬೀಸಿದೆ. ಒಂದು ಹೆಂಟೆ ಎದ್ದಿತು. ಎರಡನೆಯದು. ಮೂರನೆಯದಕ್ಕೆ ಕೈ ಎತ್ತಿದಾಗ ಅವಳ ಕಾಲು ನೆನಪಾಯಿತು. ಹೂಳುವಾಗ ನೋಡಿದ್ದೆ. ಹಿಮ್ಮಡಿ ಒಡೆದು ಸೀಳಿಹೋಗಿತ್ತು, ಸೀಳಿನೊಳಗೆ ಯಾವುದೋ ಊರಿನ ಕೆಂಪು ಮಣ್ಣು. ಎಷ್ಟು ದೂರದಿಂದ ನಡೆದು ಬಂದಿದ್ದಳೋ. ಅವಳ ಹಿಂದೆ ನನ್ನನ್ನು ಬಿಟ್ಟು ಒಬ್ಬರೂ ನಡೆಯಲಿಲ್ಲ. ಯಾರು ಕೇಳುತ್ತಾರೆ? ಈ ಮಾತನ್ನು ಊರು ನನ್ನ ಬಗ್ಗೆಯೂ ಆಡುತ್ತದೆ. ನನ್ನ ಕೂಸಿನ ಬಗ್ಗೆ ಪಾದ್ರಿ ಆಡಿದ್ದೂ ಇದೇ ಮಾತು. ಬೆಂಕಿಗೆ ಒಬ್ಬರು ಬೇಕೆಂದಾಗಲೆಲ್ಲ ದಿಕ್ಕಿಲ್ಲದವರನ್ನೇ ಹುಡುಕಿ ಕೊಡುತ್ತಾರೆ. ಈಗ ನಾನೂ ಹಾಗೆ ಕೊಡುತ್ತಿದ್ದೇನೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಗುದ್ದಲಿಯನ್ನು ಬಿಸಾಡಿದೆ. ಎದ್ದ ಎರಡು ಹೆಂಟೆಗಳನ್ನು ಮತ್ತೆ ಅವುಗಳ ಜಾಗಕ್ಕಿಟ್ಟು ಅಂಗೈಯಿಂದ ಒತ್ತಿದೆ.

"ಏನಾಯ್ತು?" ಎಂದ ಫ್ರಾ.

"ಇದು ಫಾಬ್ರಿಸಾನ ಗುಂಡಿ ಅಲ್ಲ. ಸುಳ್ಳು ಹೇಳ್ದೆ."

"ಹಾಗಾದರೆ ಅವಳದು ಎಲ್ಲಿ?"

"ಗೊತ್ತು. ಹೇಳಾಕಿಲ್ಲ."

"ಹೋಗಿ ಅಗೆ ಮಗಳೇ."

"ಅಗಿಯಾಕಿಲ್ಲ."

ಮರದ ಪಾದುಕೆ ಕಳಚಿ ಎಸೆದೆ. ಬರಿಗಾಲನ್ನು ಆ ಹುಲ್ಲಿನ ಮೇಲೆ ಊರಿ ನಿಂತೆ. ಜನ ಹೋ ಎಂದು ಹಿಂದೆ ಸರಿದರು. ಹುಲ್ಲು ತಣ್ಣಗಿತ್ತು. ಅದಕ್ಕೇನೂ ಆಗಲಿಲ್ಲ.

ಫ್ರಾ ಮೊದಲ ಸಲ ದನಿ ಎತ್ತಿದ. "ಇದು ಪೋಪನ ಆಜ್ಞೆ. ನಿನಗೆ ಅರ್ಥವಾಗ್ತಿದೆಯಾ?"

"ಆಯ್ತದೆ ಸ್ವಾಮಿ. ನಿಮ್ ಪೋಪ್‌ಗೆ ಹೇಳ್ಕಳಿಸಿ. ಬೇಕಂದ್ರೆ ಅವನೇ ಬಂದು ಅಗೀಲಿ. ಗುದ್ದಲಿ ಇಲ್ಲೇ ಬಿದ್ದದೆ."

ಕಾವಲಿನವನು ಬಾಯಿಗೆ ಹೊಡೆದ. ಒಂದು ಹಲ್ಲು ಸಡಿಲವಾಗಿ ರಕ್ತ ಬಂತು. ಉಗಿದೆ.

"ಅಸ್ತೋರ್ಗ್, ಗುದ್ದಲಿ ತೆಗೆದುಕೋ" ಎಂದ ಫ್ರಾ.

ಅಸ್ತೋರ್ಗ್ ಗುದ್ದಲಿ ನೋಡಿದ. ಅದರ ಕಾವು ನನ್ನ ಕೈಯ ರಕ್ತದಲ್ಲಿ, ಬೆವರಿನಲ್ಲಿ ಕಪ್ಪಾಗಿತ್ತು.

"ಸ್ವಾಮಿ, ಅದು ಕ್ರೆಸ್ತಿಯಾ ಗುದ್ದಲಿ. ಮುಟ್ಟಿದ್ರೆ ನಮ್ಮನೆ ಹೆಣ್ಮಕ್ಕಳ್ನ ಯಾರೂ ತಗೊಳಾಕಿಲ್ಲ."

"ಬೇರೆ ಗುದ್ದಲಿ ತರಿಸು."

"ಹೆಣದ ಕೆಲ್ಸ ಸ್ವಾಮಿ. ನಮ್ ಕೈಲಿ ಮಾಡೋದಲ್ಲ."

ಕಾವಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಮದುವೆಯಾಗಬೇಕಾದವರೇ. ಫ್ರಾ ನೆಲದ ಮೇಲಿನ ಗುದ್ದಲಿಯನ್ನು ನೋಡಿದ. ಆಮೇಲೆ ಎರಡೂ ಕೈಗಳನ್ನು ನಿಲುವಂಗಿಯ ತೋಳಿನ ಒಳಗೆ ಸೇರಿಸಿಕೊಂಡ. ನನಗೆ ನಗು ಬಂತು. ಒಡೆದ ಬಾಯಲ್ಲೇ ನಕ್ಕೆ. ನನ್ನನ್ನು ಹೊಲಸು ಎಂದು ದೂರ ಇಟ್ಟ ಊರು, ಆ ಹೊಲಸಿಗೆ ಹೆದರಿ ಕೈಕಟ್ಟಿ ನಿಂತಿತ್ತು.

"ಇಡೀ ನೆಲ ಅಗೆಸ್ತೇನೆ" ಎಂದ ಫ್ರಾ. "ತೊಲೋಸಾ ಪಟ್ಟಣದಿಂದ ಆಳು ತರಿಸ್ತೇನೆ."

"ಅಗಸ್ತೀರಾ? ಅಲ್ ನಮ್ಮವ್ವ ಅವ್ಳೆ!" ಎಂದು ಅಸ್ತೋರ್ಗ್ ಕಿರುಚಿದ. "ಎಲ್ಲವ್ಳೆ ಅಂತ ಇವಳಿಗೇ ಗೊತ್ತು. ನಮ್ಮವ್ವ ಪಾಷಂಡಿ ಅಲ್ಲ ಸ್ವಾಮಿ!" ಲೊಂಬಾರ್ದಾ ಓಡಿ ಬಂದು ಹುಲ್ಲಿನ ಮೇಲೆ ಬೋರಲು ಬಿದ್ದಳು. ಎಲ್ಲಿ ಸಿಕ್ಕಿತೋ ಅಲ್ಲಿ, ಯಾರ ಗುಂಡಿ ಎಂದು ಅವಳಿಗೇ ತಿಳಿಯದು. ಇನ್ನಿಬ್ಬರು ಹೆಂಗಸರೂ ಬಂದು ಕೂತರು.

ಬರಹಗಾರ ಫ್ರಾನ ಕಿವಿಯಲ್ಲಿ ಏನೋ ಓದಿ ಹೇಳಿದ. ನಂತರ ತಿಳಿಯಿತು. ಪಾಷಂಡಿಯ ಎಲುಬನ್ನು ಭಕ್ತರ ಎಲುಬಿನಿಂದ ಬೇರೆಯಾಗಿ ಗುರುತಿಸಲು ಆದರೆ ಮಾತ್ರ ತೆಗೆಯಬೇಕಂತೆ. ಅವರ ಕಟ್ಟಳೆಯಲ್ಲೇ ಹಾಗಿತ್ತು. ಗುರುತು ಇದ್ದದ್ದು ನನ್ನ ಕಾಲಿನಲ್ಲಿ.

ಆ ಕಾಲುಗಳನ್ನೇ ಕಟ್ಟಿ ತೊಲೋಸಾಕ್ಕೆ ತಂದರು.

ಇದು ಕಲ್ಲಿನ ಗೂಡು. ಎದ್ದು ನಿಂತರೆ ತಲೆ ತಾಗುತ್ತದೆ. ಎರಡೂ ಕಾಲಿಗೆ ಕಬ್ಬಿಣ. ದಿನಕ್ಕೊಂದು ರೊಟ್ಟಿ, ಒಂದು ಹೂಜಿ ನೀರು. ಎಷ್ಟು ಚಳಿಗಾಲ ಕಳೆಯಿತೋ ತಿಳಿಯದು. ಫ್ರಾ ಬೆರೆಂಗ್ಯೇರ್ ಆಗಾಗ ಬರುತ್ತಾನೆ. ಕಿಂಡಿಯ ಆಚೆ ಕೂತು ಮೆತ್ತಗೆ ಕೇಳುತ್ತಾನೆ. "ಎಷ್ಟು ಹೆಜ್ಜೆ ಮಗಳೇ? ಅಷ್ಟು ಹೇಳಿಬಿಡು. ನಾಳೆಯೇ ಹೊರಗೆ ಹೋಗ್ತೀಯ." ಆ ಕಾಗದ ಬರೆಸಿದ ಪೋಪ್ ಸತ್ತನಂತೆ, ಅವನೇ ಹೇಳಿದ. ಕಲ್ಲಿನ ಗೋರಿಯಲ್ಲಿ, ಹೆಸರು ಕೆತ್ತಿಸಿ ಇಟ್ಟಿದ್ದಾರಂತೆ. ಅವನನ್ನು ಯಾರೂ ಅಗೆಯುವುದಿಲ್ಲ. ಕಾಗದ ಮಾತ್ರ ಇನ್ನೂ ಊರೂರು ತಿರುಗುತ್ತಿದೆ.

ಆ ಹತ್ತು ಜನ ನನ್ನ ಜೊತೆಗೇ ಬಂದಿದ್ದಾರೆ. ಈ ಗೂಡಿನಲ್ಲಿ ಹನ್ನೊಂದು ಮಂದಿಗೆ ಜಾಗವಿಲ್ಲ, ಒತ್ತಿಕೊಂಡು ನಿಲ್ಲುತ್ತಾರೆ. ದವಡೆಯಿಲ್ಲದವನು ಬಾಗಿಲ ಬಳಿ, ಜಡೆಯವಳು ನನ್ನ ತಲೆಯ ಹತ್ತಿರ. ಕ್ಷಮಿಸಿ ಎಂದು ದಿನಾ ಕೇಳುತ್ತೇನೆ. ಅವರು ನಿಂತೇ ಇರುತ್ತಾರೆ. ಕ್ಷಮಿಸಲೇಬೇಕೆಂದು ನಾನೂ ಬಯಸುವುದಿಲ್ಲ, ಅವರು ಹೀಗೆ ನಿಂತಿರುವುದು ನನಗೆ ಸಲ್ಲಬೇಕಾದದ್ದೇ.

ಬೆಳಕಾದ ಕೂಡಲೇ ನಾನು ಮೊದಲು ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಹತ್ತೇ ಇವೆಯಾ ಎಂದು. ಹೊಸದಾಗಿ ಯಾರಾದರೂ ಬಂದಿದ್ದಾರಾ ಎಂದು. ಎಡತೋಳಿನಲ್ಲಿ ಏನನ್ನೋ ಎತ್ತಿಕೊಂಡ ಮುದುಕಿಯೊಬ್ಬಳು ಮೂಲೆಯಲ್ಲಿ ನಿಂತಿದ್ದಾಳಾ ಎಂದು. ಇಲ್ಲ. ಇವತ್ತೂ ಇಲ್ಲ, ಅಂದರೆ ಅವಳನ್ನು ಇನ್ನೂ ಯಾರೂ ಅಗೆದಿಲ್ಲ. ಅವಳನ್ನು ನೋಡಬೇಕೆಂದು ಜೀವ ಹಪಹಪಿಸುತ್ತದೆ. ಕೂಸಿನ ಮುಖ ನಾನು ನೋಡಿದ್ದು ಒಂದು ಉಸಿರಿನಷ್ಟು ಹೊತ್ತು ಮಾತ್ರ. ಇನ್ನೊಂದು ಸಲ ನೋಡಲು ಏನು ಬೇಕಾದರೂ ಕೊಟ್ಟೇನು.

ಬರಬೇಡ ಕಣೇ ಫಾಬ್ರಿಸಾ. ನಾನು ಎಷ್ಟೇ ಕರೆದರೂ ಬರಬೇಡ. ಮಗು ಎದ್ದುಬಿಡುತ್ತದೆ.